ಊರು ಮೊದಲೋ, ನಿವೇಶನ ಮೊದಲೋ?

ಊರೆಂಬುದು ಮರದಂತೆ ತಾನಾಗಿಯೇ ಬೆಳೆಯತಕ್ಕ ವಸ್ತು. ಅದನ್ನು ಮುಂದಾಲೋಚಿಸಿ ಕಟ್ಟಹೊರಡುವುದು ಬೆಂಗಳೂರು ಮೈಸೂರುಗಳಂಥ ದೊಡ್ಡ ಪಟ್ಟಣಗಳಿಗೆ ಸಲ್ಲುವ ವೈಭವವೇ ಹೊರತು ನಮ್ಮಂಥ ಸಣ್ಣ ಊರುಗಳಿಗೆ ತಕ್ಕ ಕೆಲಸವಲ್ಲ ಎಂಬ ಒಂದು ಅಭಿಪ್ರಾಯವು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ವಿದ್ಯಾವಂತರಲ್ಲಿ ಬಲವಾಗಿ ನೆಲೆಗೊಂಡಿರುವಂತೆ ಕಾಣುತ್ತದೆ. ಈ ಮಾತನ್ನು ಆಡುವವರು ಅಜ್ಞರೇನೂ ಅಲ್ಲ. ವಕೀಲರು ಆಡುತ್ತಾರೆ, ಉಪಾಧ್ಯಾಯರು ಆಡುತ್ತಾರೆ, ಪುರಸಭೆಯಲ್ಲಿ ಕುಳಿತು ಅನುಭವ ಪಡೆದವರೂ ಆಡುತ್ತಾರೆ. ಆದರೂ ಮಾತು ಸುಳ್ಳು. ಮತ್ತು ಕೆಲವರಿಗೆ ಬಹಳ ಲಾಭಕರವಾದ ಸುಳ್ಳು. ಊರು ತಾನಾಗಿ ಬೆಳೆಯುತ್ತದೆಂದು ನಂಬಿ ನಾವು ಸುಮ್ಮನಿರುವಷ್ಟು ಕಾಲವೂ ಅದನ್ನು ಬೆಳೆಸುತ್ತಿರುವವರು ಬೇರೆ ಯಾರೋ ಇದ್ದೇ ಇರುತ್ತಾರೆ. ಗದ್ದೆಯಲ್ಲಿ ಕಲ್ಲು ನೆಟ್ಟು ನಿವೇಶನ ಮಾರುವವನಿಗೆ ಯೋಜನೆಯಿಲ್ಲವೆಂದು ವಾಚಕರು ತಿಳಿಯಬಾರದು. ಅವನಿಗೆ ಸ್ಪಷ್ಟವಾದ ಯೋಜನೆಯುಂಟು. ಅದರ ಅವಧಿ ಮಾತ್ರ ಚಿಕ್ಕದು: ಕೊನೆಯ ನಿವೇಶನ ಮಾರಾಟವಾಗುವ ದಿನಕ್ಕೆ ಅದು ಮುಗಿಯುತ್ತದೆ. ಆಮೇಲಿನ ಐವತ್ತು ವರ್ಷಗಳ ನೀರು, ಚರಂಡಿ, ದಾರಿ, ಕಸ, ಶಾಲೆ ಇವೆಲ್ಲ ಊರಿನ ಪಾಲು.

ಸಣ್ಣ ಊರಿಗೆ ಯೋಜನೆ ಸಲ್ಲದೆಂಬ ಮಾತಿಗೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕೃಷ್ಣರಾಜನಗರವೇ ಉತ್ತರವಾಗಿ ನಿಂತಿದೆ. ಹಿಂದೆ ಈ ತಾಲ್ಲೂಕಿನ ಕಸಬೆ ಎಡತೊರೆ. ಕಾವೇರಿಯ ದಡದ ಮೇಲೆ, ಅರ್ಕೇಶ್ವರನ ಗುಡಿಯನ್ನು ಆಶ್ರಯಿಸಿಕೊಂಡು ಬಹುಕಾಲದಿಂದ ಇದ್ದ ಊರದು. ೧೯೨೪ನೆಯ ಇಸವಿಯ ಜುಲೈ ತಿಂಗಳಿನಲ್ಲಿ ದಕ್ಷಿಣದೇಶದ ನದಿಗಳೆಲ್ಲ ಏಕಕಾಲದಲ್ಲಿ ಉಕ್ಕಿದುವು. ಮಲೆಯಾಳದಲ್ಲಿ ಆ ನೆರೆಯನ್ನು ಇಂದಿಗೂ 'ತೊಂಬತ್ತೊಂಬತ್ತರ ಪ್ರವಾಹ'ವೆಂದು ಅವರ ಶಕವರ್ಷದ ಲೆಕ್ಕದಿಂದ ಕರೆಯುವರು. ಕಾವೇರಿಯೂ ಆ ವರ್ಷ ತನ್ನ ದಡದ ಊರುಗಳನ್ನು ಬಿಡಲಿಲ್ಲ. ನೆರೆಯಿಂದ ನೊಂದ ಎಡತೊರೆಯವರಿಗಾಗಿ ನದಿಯಿಂದ ಸ್ವಲ್ಪ ದೂರದಲ್ಲಿ, ಎತ್ತರವಾದ ಬಯಲಿನಲ್ಲಿ, ನೇರವಾದ ಬೀದಿಗಳನ್ನು ಮೊದಲೇ ಗೆರೆಯೆಳೆದು ಹೊಸ ಊರನ್ನು ಕಟ್ಟಲಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಅದಕ್ಕೆ ಬಂದಿತು. ಆ ದಶಕ ಮುಗಿಯುವಷ್ಟರಲ್ಲಿ ಊರು ರೂಪುಗೊಂಡಿತ್ತು.

ಆ ಊರಿನ ಬೀದಿಗಳನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಎತ್ತಿನ ಗಾಡಿಗಳು ಓಡಾಡುತ್ತಿದ್ದ ಕಾಲದಲ್ಲಿ, ಮೋಟಾರು ಗಾಡಿಯೆಂಬುದು ತಾಲ್ಲೂಕಿಗೆ ಒಂದೋ ಎರಡೋ ಇದ್ದಿರಬಹುದಾದ ಕಾಲದಲ್ಲಿ, ಅಷ್ಟು ಅಗಲ ಯಾರಿಗೆ ಬೇಕಾಗಿತ್ತು? ಗೆರೆಯೆಳೆದವರಿಗೆ ಅದು ಬೇಕಾಗಿರಲಿಲ್ಲ. ಅವರ ಮೊಮ್ಮಕ್ಕಳಿಗೆ ಬೇಕಾಯಿತು. ಬೀದಿಗಳು ಒಂದನ್ನೊಂದು ಚೌಕವಾಗಿ ಕಡಿದುಹೋಗುವುದರಿಂದ ಚರಂಡಿಗಳಿಗೂ ಕೊಳಾಯಿಗಳಿಗೂ ದಾರಿ ಸುಲಭವಾಯಿತು. ಇದಕ್ಕೆ ಹಿಂದೆ, ೧೯೦೩ರಲ್ಲಿಯೇ, ಮೈಸೂರು ನಗರದಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪನೆಯಾಗಿತ್ತು.  ಆದುದರಿಂದ ಊರನ್ನು ಮುಂದಾಗಿ ಆಲೋಚಿಸಿ ಕಟ್ಟುವ ವಿದ್ಯೆ ನಮ್ಮ ಸೀಮೆಗೆ ಹೊರಗಿನಿಂದ ಈಚೆಗೆ ಬಂದುದೆಂಬ ಮಾತು ನಿಲ್ಲುವುದಿಲ್ಲ. ಅದು ನಮ್ಮಲ್ಲಿ ಇದ್ದು, ನಾವು ಮರೆತ ವಿದ್ಯೆ.

ಹೀಗೆಂದು ನಾವು ಹಿಂದಿನದನ್ನೆಲ್ಲ ಹಾಡಿಹೊಗಳುವ ಪಂಕ್ತಿಗೆ ಸೇರಿದವರಲ್ಲ. ಕೃಷ್ಣರಾಜನಗರದ ಯೋಜನೆ ಅರಮನೆಯ ಕಡೆಯಿಂದ ಇಳಿದುಬಂದ ಯೋಜನೆ. ಊರನ್ನು ಬಿಟ್ಟು ಬರಬೇಕಾದ ಜನರೇ ಕುಳಿತು, ತಮ್ಮ ಹೊಸ ಊರು ಹೇಗಿರಬೇಕೆಂದು ಗೊತ್ತುಮಾಡುವ ಪದ್ಧತಿ ಆ ಕಾಲದ್ದಲ್ಲ. ದೊರೆಗೆ ಒಳ್ಳೆಯ ಬುದ್ಧಿಯೂ ಕೈಕೆಳಗೆ ಒಳ್ಳೆಯ ಇಂಜಿನಿಯರುಗಳೂ ಇದ್ದುದರಿಂದ ಫಲ ಒಳ್ಳೆಯದಾಯಿತು. ದೊರೆಗಳು ಹೋದರು, ಅಧಿಕಾರ ಜನರ ಕೈಗೆ ಬಂದಿತು. ಜನರ ಕೈಗೆ ಬಂದ ಮೇಲೆ ಯೋಜನೆ ಇನ್ನೂ ಉತ್ತಮವಾಗಬೇಕಾಗಿತ್ತು. ಆಯಿತೆ? ಹಳೆಯ ಚೌಕಗಳು ಮುಗಿಯುವ ಅಂಚಿಗೆ ಹೋಗಿ ನಿಂತು ನೋಡಿದರೆ ಉತ್ತರ ದೊರೆಯುತ್ತದೆ. ಅಲ್ಲಿಯವರೆಗೆ ಬಂದ ಅಗಲವಾದ ಬೀದಿ ಹಠಾತ್ತಾಗಿ ಸಣ್ಣದಾಗಿ, ಸೊಟ್ಟಗಾಗಿ, ಇನ್ನೊಬ್ಬರ ಬಡಾವಣೆಯ ಗೋಡೆಗೆ ಬಂದು ನಿಲ್ಲುತ್ತದೆ. ಒಂದು ಬಡಾವಣೆಯ ದಾರಿ ಮತ್ತೊಂದರ ದಾರಿಯನ್ನು ಕೂಡುವುದಿಲ್ಲ. ಒಂದರ ಚರಂಡಿ ಮತ್ತೊಂದರ ತಗ್ಗಿಗೆ ಹರಿಯುತ್ತದೆ. ನೂರು ವರ್ಷದ ಹಿಂದಿನ ಗೆರೆ ನೇರವಾಗಿದೆ, ನಿನ್ನೆಯ ಗೆರೆ ವಕ್ರವಾಗಿದೆ. ಪ್ರಜೆಗಳಾದ ನಮಗೆ ಇದು ನಾಚಿಕೆಯ ವಿಷಯವಲ್ಲವೆ?

ಬೀದಿ ವಕ್ರವಾದುದಷ್ಟೇ ನಷ್ಟವಾಗಿದ್ದರೆ ನಾವು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ನೀರಿನ ಮಾತು ಹೆಚ್ಚಿನದು. ಕೃಷ್ಣರಾಜನಗರದ ಸೀಮೆಯು ಭತ್ತದ ಸೀಮೆ. ಕಾವೇರಿಗೆ ಅಡ್ಡಲಾಗಿ ಅಣೆಗಳನ್ನು ಕಟ್ಟಿ ಹಿಂದಿನವರು ತೆಗೆದ ನಾಲೆಗಳು, ಚಾಮರಾಜ ನಾಲೆಗಳು, ಮಿರ್ಲೆಯ ನಾಲೆ, ರಾಮಸಮುದ್ರದ ನಾಲೆ, ಇವುಗಳಿಂದ ಆ ಗದ್ದೆಗಳಿಗೆ ನೀರು. ನಾಲೆಯ ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತ, ಉಳಿದುದು ಹಳ್ಳಕ್ಕೆ ಬೀಳುತ್ತ, ಹಳ್ಳ ಮತ್ತೆ ಹೊಳೆಗೆ ಸೇರುವ ಏರ್ಪಾಡನ್ನು ನೀರುಗಂಟಿಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದರು. ಇಂಥ ಅಚ್ಚುಕಟ್ಟಿನ ನಡುವೆ ಎರಡೆಕರೆ ಗದ್ದೆಗೆ ಮಣ್ಣು ತುಂಬಿ ಎತ್ತರಿಸಿದರೆ ಕೆಡುವುದು ಆ ಎರಡೆಕರೆ ಮಾತ್ರವಲ್ಲ. ಮೇಲಿನ ಗದ್ದೆಯ ನೀರು ನಿಲ್ಲುತ್ತದೆ, ಕೆಳಗಿನ ಗದ್ದೆಗೆ ನೀರು ಬಾರದು. ಎರಡು ಫಸಲು ನಷ್ಟವಾದ ಮೇಲೆ ಅಕ್ಕಪಕ್ಕದ ರೈತರು ತಾವೂ ಮಾರಿಬಿಡುತ್ತಾರೆ. ಕಲ್ಲು ನೆಡುವವನು ಇದನ್ನು ಚೆನ್ನಾಗಿ ಬಲ್ಲ. ಒಂದು ತುಂಡನ್ನು ಕೊಂಡರೆ ಸಾಕು, ಉಳಿದವು ಅಗ್ಗದಲ್ಲಿ ತಾವಾಗಿಯೇ ಬರುತ್ತವೆ. ಬೇಸಾಯದ ಉಪಯೋಗಕ್ಕೆಂದಿದ್ದ ಕಾಲುವೆ ಮನೆಗಳ ನಡುವೆ ಸಿಕ್ಕಿಕೊಂಡು ಗಟಾರವಾಗುತ್ತದೆ. ಆಮೇಲೆ ಅದನ್ನು ಮುಚ್ಚಬೇಕೆಂದು ನಾವೇ ಅರ್ಜಿ ಬರೆಯುತ್ತೇವೆ.

ಇಲ್ಲಿ ಒಂದು ಅವಾಂತರ ವಿಷಯ. ಉಳುವವನಿಗೆ ಭೂಮಿಯೆಂಬ ತತ್ತ್ವವನ್ನು ೧೯೭೪ರ ತಿದ್ದುಪಡಿಯ ಮೂಲಕ ಕಾರ್ಯರೂಪಕ್ಕೆ ತಂದ ಮುಖ್ಯಮಂತ್ರಿ ದೇವರಾಜ ಅರಸರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಬೇಸಾಯಗಾರರಲ್ಲದವರು ಬೇಸಾಯದ ಭೂಮಿಯನ್ನು ಕೊಳ್ಳದಂತೆ ಆ ಶಾಸನದಲ್ಲಿದ್ದ ತಡೆಗಳನ್ನು ೨೦೨೦ರಲ್ಲಿ ತೆಗೆದುಹಾಕಲಾಯಿತು. ಅದು ಸರಿಯೋ ತಪ್ಪೋ ಎಂಬ ದೊಡ್ಡ ವಾದಕ್ಕೆ ಇಲ್ಲಿ ಎಡೆಯಿಲ್ಲ. ಬೇಲಿ ಹೋದ ಮೇಲೆ ತೋಟಕ್ಕೆ ಕಾವಲು ಹೆಚ್ಚು ಬೇಕು ಎಂಬಷ್ಟನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ಯೋಜನೆಗೆ ಶಾಸನವಿದೆಯಲ್ಲ ಎಂದು ಕೇಳುವವರುಂಟು. ಇದೆ. ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು ೧೯೬೧ರದು. ಅದರ ಪ್ರಕಾರ ಯೋಜನಾ ಪ್ರಾಧಿಕಾರಗಳು ಮಹಾಯೋಜನೆಯನ್ನು ಸಿದ್ಧಪಡಿಸಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಬೇಕು. ಓದಿದರೆ ಎಷ್ಟು ಚೆನ್ನಾಗಿದೆ! ಆದರೆ ಮಹಾಯೋಜನೆಯೆಂದರೆ ನಮ್ಮಲ್ಲಿ ಏನಾಗಿದೆ? ಬಣ್ಣ ಬಳಿದ ಒಂದು ನಕಾಶೆ. ಹಳದಿ ಬಣ್ಣವೆಂದರೆ ಮನೆ, ನೀಲಿಯೆಂದರೆ ಅಂಗಡಿ, ಹಸುರೆಂದರೆ ಇನ್ನೂ ಹಳದಿಯಾಗದ ಜಾಗ. ಆ ನಕಾಶೆ ಹೊರಬಿದ್ದ ದಿನ ಹಳದಿಯೊಳಗೆ ಬಂದ ಎಕರೆಯ ಬೆಲೆ ಏರುತ್ತದೆ, ಹೊರಗೆ ಉಳಿದವನು ಹಳದಿಯಾಗುವುದಕ್ಕೆ ದಾರಿ ಹುಡುಕುತ್ತಾನೆ. ಆ ದಾರಿಯೂ ಶಾಸನದಲ್ಲಿಯೇ ಉಂಟು. ಮಹಾಯೋಜನೆಯಲ್ಲಿ ಗೊತ್ತುಮಾಡಿದ ಭೂ ಉಪಯೋಗವನ್ನು ಆಮೇಲೆ ಬದಲಾಯಿಸಿಕೊಡುವ ಅವಕಾಶವನ್ನು ಅದು ಇಟ್ಟಿದೆ. ಒಂದೊಂದಾಗಿ ಕೊಟ್ಟ ವಿನಾಯಿತಿಗಳನ್ನು ಹತ್ತು ವರ್ಷದ ಮೇಲೆ ಕೂಡಿಸಿ ನೋಡಿದರೆ ಯೋಜನೆಯೇ ಎಲ್ಲಿಹೋಯಿತೆಂದು ಹುಡುಕಬೇಕಾಗುತ್ತದೆ. ಇಷ್ಟೂ ಸಾಲದೆಂಬಂತೆ, ೨೦೧೧ರ ಮೇಲೆ ನಡೆಯಬೇಕಾಗಿದ್ದ ೨೦೨೧ರ ಜನಗಣತಿ ಆ ವರ್ಷ ನಡೆಯಲಿಲ್ಲ. ಎಷ್ಟು ಜನರಿಗೆಂದು ತಿಳಿಯದೆ ಅಕ್ಕಿ ತೊಳೆಯುವ ಗೃಹಿಣಿ ಉಂಟೆ?

ಅನುಮತಿಯೇ ಇಲ್ಲದೆ ಎದ್ದ ಬಡಾವಣೆಗಳದು ಇನ್ನೊಂದು ಕಥೆ. ೨೦೨೫ರಲ್ಲಿ ಅಂಥ ನಿವೇಶನಗಳಿಗೆ 'ಬಿ-ಖಾತೆ' ಕೊಡುವ ಅಭಿಯಾನವನ್ನು ಸರ್ಕಾರವು ನಡೆಸಿತು. ಸಾಲಸೋಲ ಮಾಡಿ ನಿವೇಶನ ಕೊಂಡು ಮನೆ ಕಟ್ಟಿದ ಬಡವನಿಗೆ ಖಾತೆ ಬೇಡವೆಂದು ನಾವು ಹೇಳಲಾರೆವು, ಅವನು ಮೋಸಹೋದವನು. ಆದರೆ ಅವನಿಗೆ ಅದನ್ನು ಮಾರಿದವನಿಂದ ಉದ್ಯಾನಕ್ಕೂ ಶಾಲೆಗೂ ಬಿಡಬೇಕಾಗಿದ್ದ ಜಾಗವನ್ನು ಯಾರು ವಸೂಲುಮಾಡುವರು? ಮೈಸೂರಿನ ನಿವೇಶನ ಹಂಚಿಕೆಯ ವಿವಾದವು ೨೦೨೪ರಲ್ಲಿ ರಾಜ್ಯವನ್ನೆಲ್ಲ ಕಲಕಿತು. ಚಾವಡಿಗಳಲ್ಲಿ ನಾವೆಲ್ಲ ಅದನ್ನು ಬಾಯಿತುಂಬ ಚರ್ಚಿಸಿದೆವು. ನಮ್ಮ ನಮ್ಮ ಊರಿನ ಅಂಚಿನಲ್ಲಿ ಆಗುತ್ತಿದ್ದುದರ ಮಾತು ಮಾತ್ರ ಏಳಲಿಲ್ಲ.

ಇನ್ನು ಸ್ವಲ್ಪ ಹೊರಗಿನ ಪ್ರಪಂಚವನ್ನು ನೋಡೋಣ. ನೀರಿಲ್ಲದ ನಾಡಿನವರು ಊರನ್ನು ಹೇಗೆ ಕಟ್ಟಿದರೆಂಬುದು ನೀರಿರುವ ನಮಗೆ ತಿಳಿಯಬೇಕಾದ ಸಂಗತಿ. ಮೈಸೂರಿನಲ್ಲಿ ೧೯೨೬ರಿಂದ ೧೯೪೧ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರು, ಊರುಗಳ ಅಂದಚಂದಗಳಲ್ಲಿ ಅಷ್ಟು ಆಸಕ್ತಿ ತೋರಿದವರು, ೧೯೪೨ರಲ್ಲಿ ಜಯಪುರ ಸಂಸ್ಥಾನದ ಪ್ರಧಾನಮಂತ್ರಿಯಾಗಿ ಹೋದರು. ಮರುಭೂಮಿಯ ಅಂಚಿನಲ್ಲಿರುವ ಆ ನಗರವನ್ನು ೧೭೨೭ರಲ್ಲಿ ಸವಾಯಿ ಜಯಸಿಂಹನು ಚೌಕಚೌಕವಾಗಿ ಗೆರೆಯೆಳೆಸಿ ಕಟ್ಟಿಸಿದ್ದನು. ಕೋಟೆಯ ಗೋಡೆಗಳ ಹೊರಗೆ ನಗರವು ಬೆಳೆಯಬೇಕಾದ ಕ್ರಮವನ್ನು ಮಿರ್ಜಾ ಅವರು ಹಾಕಿಕೊಟ್ಟರು. ಅಲ್ಲಿಯ ದೊಡ್ಡ ರಸ್ತೆಯೊಂದಕ್ಕೆ ಇಂದಿಗೂ ಅವರ ಹೆಸರಿದೆ. ಕೃಷ್ಣರಾಜನಗರದ ಬೀದಿಗಳನ್ನು ಬಲ್ಲವರಿಗೆ ಜಯಪುರ ಪರಕೀಯವಾಗಿ ತೋರದು. ಆದರೆ ಕೇಳಿ: ಆ ನಗರಕ್ಕೆ ಕುಡಿಯುವ ನೀರು ಬರುತ್ತಿದ್ದುದು ರಾಮಗಢದ ಕೆರೆಯಿಂದ. ೧೯೮೨ರ ಏಷ್ಯಾ ಕ್ರೀಡೆಗಳಲ್ಲಿ ದೋಣಿಯ ಪಂದ್ಯಗಳು ನಡೆದುದು ಆ ಕೆರೆಯಲ್ಲಿ. ಅಂಥ ಜಲರಾಶಿ ಮುಂದಿನ ಎರಡು ದಶಕಗಳಲ್ಲಿ ಬತ್ತಿಹೋಯಿತು. ಕೆರೆಗೆ ನೀರು ತರುವ ಹಳ್ಳಗಳಿಗೆ ಮೇಲುಭಾಗದಲ್ಲಿ ಒಡ್ಡುಗಳೂ ಒತ್ತುವರಿಗಳೂ ಬಂದುವು. ಬೀದಿಗೆ ಯೋಜನೆಯಿತ್ತು, ಜಲಾನಯನಕ್ಕೆ ಯೋಜನೆಯಿರಲಿಲ್ಲ. ಈಗ ಆ ನಗರವು ದೂರದ ಬೀಸಲಪುರದ ಅಣೆಕಟ್ಟಿನಿಂದ ನೀರು ತರಿಸಿಕೊಂಡು ಕುಡಿಯುತ್ತದೆ.

ಮರುಭೂಮಿಯ ಒಳಗೇ ಇರುವ ಜೈಸಲ್ಮೇರಿನದು ಇನ್ನೂ ಸಣ್ಣ ಊರು. ನಮ್ಮ ಹುಣಸೂರಿನ ಅಳತೆಗೆ ಹತ್ತಿರದ್ದು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಇನ್ನೂರು ಮಿಲಿಮೀಟರಿಗಿಂತ ಹೆಚ್ಚಲ್ಲ. ನಮ್ಮ ಸೀಮೆಯಲ್ಲಿ ಬೀಳುವುದು ಅದರ ಮೂರುನಾಲ್ಕು ಪಟ್ಟು. ಗಡಸೀಸರವೆಂಬ ಒಂದೇ ಕೆರೆ ಆರು ಶತಮಾನಗಳ ಕಾಲ ಆ ಊರಿಗೆ ನೀರು ಕೊಟ್ಟಿತು. ಮಳೆಯ ನೀರು ಹರಿದುಬರುವ ಬಯಲನ್ನು ಊರಿನವರೇ ಶುದ್ಧವಾಗಿ ಇಟ್ಟುಕೊಂಡು, ಕೆರೆಯನ್ನು ಕಾಯುವ ಕಟ್ಟುಪಾಡುಗಳನ್ನು ತಾವೇ ಮಾಡಿಕೊಂಡು, ಒಂದು ಹನಿಯನ್ನೂ ಲೆಕ್ಕವಿಟ್ಟು ಬಾಳಿದರು. ದೂರದಿಂದ ಕೊಳವೆಯ ನೀರು ಬಂದ ದಿನದಿಂದ ಆ ಕಟ್ಟುಪಾಡು ಸಡಿಲಿತು. ಈ ಎರಡು ಊರುಗಳ ಕಥೆಯನ್ನು ಹೇಳಿದುದಕ್ಕೆ ಕಾರಣವಿದೆ. ಕಾವೇರಿ, ಕಬಿನಿ, ಲಕ್ಷ್ಮಣತೀರ್ಥಗಳ ನಡುವೆ ಕುಳಿತಿರುವ ನಾವು ಮರುಭೂಮಿಯವರಿಗಿಂತ ಶ್ರೀಮಂತರೆಂದು ಭಾವಿಸಿಕೊಂಡಿದ್ದೇವೆ. ಹೊಳೆ ಪಕ್ಕದಲ್ಲಿ ಹರಿಯುತ್ತಿರುವಾಗಲೇ ಊರಿನ ಕೆರೆಯನ್ನು ಕಸಕ್ಕೆ ಕೊಟ್ಟವನು ಶ್ರೀಮಂತನಲ್ಲ, ಪಿತ್ರಾರ್ಜಿತವನ್ನು ಮಾರಿಕೊಂಡು ಉಣ್ಣುವವನು.

ಲಕ್ಷ್ಮಣತೀರ್ಥದ ಪಾಡನ್ನು ನೋಡಿ. ಕೊಡಗಿನ ಇರ್ಪಿನಲ್ಲಿ ಯಾತ್ರಿಕರು ಮಿಂದು ಪುನೀತರಾಗುವ ನೀರು ಅದು. ಹುಣಸೂರಿಗೆ ಬಂದಾಗ ಊರಿನ ಕೊಳಚೆಯನ್ನು ಹೊತ್ತುಕೊಳ್ಳುತ್ತದೆ. ಅಲ್ಲಿಂದ ಮುಂದೆ ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುತ್ತದೆ. ಆ ಜಲಾಶಯದ ನೀರನ್ನು ಮೈಸೂರು ಬೆಂಗಳೂರುಗಳು ಕುಡಿಯುತ್ತವೆ. ಹುಣಸೂರಿನ ಚರಂಡಿಯ ಪ್ರಶ್ನೆ ಹುಣಸೂರಿನದು ಮಾತ್ರವೆಂದು ಯಾರಾದರೂ ತಿಳಿದಿದ್ದರೆ ಅವರು ತಮ್ಮ ಬಟ್ಟಲಿನಲ್ಲಿರುವುದನ್ನು ಒಮ್ಮೆ ನೆನೆಯಬೇಕು. ೨೦೧೯ರ ಆಗಸ್ಟಿನಲ್ಲಿ ಅದೇ ಹೊಳೆ ಉಕ್ಕಿತು. ತಗ್ಗಿನಲ್ಲಿ ಕಟ್ಟಿದ ಮನೆಗಳೊಳಕ್ಕೆ ನೀರು ಹೊಕ್ಕಾಗ ಎಲ್ಲರೂ ಹೊಳೆಯನ್ನು ಬೈದರು. ಹೊಳೆ ತನ್ನ ಹಳೆಯ ಹರವಿಗೆ ಬಂದಿತ್ತು, ಅಷ್ಟೆ. ೧೯೨೪ರ ನೆರೆಯಾದ ಮೇಲೆ ಊರನ್ನೇ ದಡದಿಂದ ಎತ್ತಿ ದೂರದಲ್ಲಿಟ್ಟರು. ಈಗಿನ ನೆರೆಯಾದ ಮೇಲೆ ನಾವು ಪರಿಹಾರದ ಪಟ್ಟಿಗೆ ಹೆಸರು ಬರೆಸಿ, ನೀರಿಳಿದ ಮೇಲೆ ಅದೇ ತಗ್ಗಿನಲ್ಲಿ ಇನ್ನೊಂದು ಸಾಲು ಕಲ್ಲು ನೆಡುವುದಕ್ಕೆ ಬಿಟ್ಟುಕೊಡುತ್ತೇವೆ.

ಊರೆಂಬುದರ ಅಳತೆ ಎಷ್ಟಿರಬೇಕು? ಈ ಪ್ರಶ್ನೆಯನ್ನೇ ನಮ್ಮ ಯೋಜಕರು ಕೇಳುವುದಿಲ್ಲ. ಬೆಳೆದಷ್ಟೂ ಒಳ್ಳೆಯದೆಂಬುದು ಅವರ ಸಿದ್ಧಾಂತ. ಇಂಗ್ಲೆಂಡಿನ ಎಬೆನೆಜರ್ ಹೋವರ್ಡ್ ಎಂಬಾತನು ೧೮೯೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪ್ರಶ್ನೆಗೆ ಲೆಕ್ಕಹಾಕಿ ಉತ್ತರ ಕೊಟ್ಟನು. ಆತನು ಪಂಡಿತನೂ ಅಲ್ಲ, ಇಂಜಿನಿಯರೂ ಅಲ್ಲ. ಶೀಘ್ರಲಿಪಿಯಿಂದ ಹೊಟ್ಟೆ ಹೊರೆಯುತ್ತಿದ್ದವನು. ಆತನ ಉದ್ಯಾನನಗರದಲ್ಲಿ ಒಟ್ಟು ೬,೦೦೦ ಎಕರೆ ಭೂಮಿ, ಅದರಲ್ಲಿ ಊರು ೧,೦೦೦ ಎಕರೆ, ಸುತ್ತಲೂ ಉಳಿದ ೫,೦೦೦ ಎಕರೆ ಬೇಸಾಯಕ್ಕೆ, ಜನ ೩೨,೦೦೦. ಊರು ತುಂಬಿದ ಮೇಲೆ ಬೇಸಾಯದ ನೆಲವನ್ನು ಕಬಳಿಸದೆ, ಅದನ್ನು ದಾಟಿ ಆಚೆ ಇನ್ನೊಂದು ಊರನ್ನು ಕಟ್ಟತಕ್ಕದ್ದು. ೧೯೦೩ರಲ್ಲಿ, ಎಂದರೆ ನಮ್ಮ ಮೈಸೂರಿನ ಬೋರ್ಡು ಸ್ಥಾಪನೆಯಾದ ವರ್ಷದಲ್ಲಿಯೇ, ಲೆಚ್‌ವರ್ತ್ ಎಂಬಲ್ಲಿ ಅದರ ಪ್ರಯೋಗ ಪ್ರಾರಂಭವಾಯಿತು. ಆತನ ಅಂಕಿಯನ್ನು ನಮ್ಮ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ೨೦೧೧ರ ಗಣತಿಯಲ್ಲಿ ಕೃಷ್ಣರಾಜನಗರದ ಜನಸಂಖ್ಯೆ ಮೂವತ್ತೈದು ಸಾವಿರದ ಸುಮಾರು, ಹುಣಸೂರಿನದು ಐವತ್ತು ಸಾವಿರದ ಸುಮಾರು. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಇವಕ್ಕಿಂತ ಬಹಳ ಸಣ್ಣವು. ಆತನು ಕನಸಿನಲ್ಲಿ ಕಂಡ ಅಳತೆಯ ಊರುಗಳು, ಸುತ್ತಲೂ ಬೇಸಾಯದ ನೆಲವನ್ನುಟ್ಟುಕೊಂಡು, ನಮಗೆ ಬಿಟ್ಟಿಯಾಗಿ ದೊರೆತಿವೆ. ಅವುಗಳನ್ನು ಕೆಡಿಸುವ ಖರ್ಚನ್ನು ಮಾತ್ರ ನಾವು ಮಾಡುತ್ತಿದ್ದೇವೆ.

ಹೋವರ್ಡನ ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು. ಊರಿನ ನೆಲ ಒಬ್ಬೊಬ್ಬರದಾಗಿರದೆ ಊರಿನ ಪರವಾಗಿ ಟ್ರಸ್ಟಿಗಳ ಕೈಯಲ್ಲಿರಬೇಕು, ಊರು ಬೆಳೆದಂತೆ ಏರುವ ನೆಲದ ಬೆಲೆ ಊರಿಗೇ ಸೇರಬೇಕು ಎಂದು ಆತನು ಹೇಳಿದನು. ನೆಲದ ಬೆಲೆ ಏತಕ್ಕೆ ಏರುತ್ತದೆ? ರಸ್ತೆ ಬಂದುದರಿಂದ, ಕಾಲೇಜು ಬಂದುದರಿಂದ, ಆಸ್ಪತ್ರೆ, ಕೊಳಾಯಿ, ದೀಪಗಳು ಬಂದುದರಿಂದ. ಇವನ್ನೆಲ್ಲ ತಂದುದು ನಮ್ಮೆಲ್ಲರ ತೆರಿಗೆ. ಏರಿದ ಬೆಲೆಯನ್ನು ಒಯ್ಯುವವನು ಕಲ್ಲು ನೆಟ್ಟವನು. ಬೇಸಾಯಗಾರನ ಪಕ್ಷವನ್ನು ಹಿಡಿದು ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಗಟ್ಟಿಯಾದ ಆಕ್ಷೇಪಣೆಯೇ. "ಭತ್ತ ಬೆಳೆದರೆ ಗೊಬ್ಬರದ ಹಣವೂ ಹುಟ್ಟುವುದಿಲ್ಲ; ಮಗಳ ಮದುವೆಗೆ, ಮಗನ ಓದಿಗೆ ಅವನು ಅರ್ಧ ಎಕರೆ ಮಾರಿದರೆ ನೀವು ಪೇಟೆಯಲ್ಲಿ ಕುಳಿತು ಹಸುರು ಹಸುರು ಎಂದು ಕೂಗುವಿರಾ?" ಕೂಗಲಾರೆವು. ಅವನು ಮಾರುವುದು ಎಕರೆಯ ಲೆಕ್ಕದಲ್ಲಿ. ಅದೇ ನೆಲ ಮರುವರ್ಷ ಚದರಡಿಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಆ ಎರಡು ಲೆಕ್ಕಗಳ ನಡುವಣ ಹಣ ಅವನದೂ ಆಗಲಿಲ್ಲ, ಊರಿನದೂ ಆಗಲಿಲ್ಲ. ನೆಲದ ಒಡೆಯರನ್ನು ಪಾಲುದಾರರನ್ನಾಗಿ ಸೇರಿಸಿಕೊಂಡು ಊರಿನ ಸಂಸ್ಥೆಯೇ ಬಡಾವಣೆಯನ್ನು ರಚಿಸಿದರೆ, ಎಲ್ಲಿ ಕಟ್ಟಬಹುದು ಎಲ್ಲಿ ಕಟ್ಟಬಾರದು ಎಂಬುದನ್ನು ನೀರಿನ ದಾರಿ ನೋಡಿ ಗೊತ್ತುಮಾಡಿದರೆ, ಅಚ್ಚುಕಟ್ಟನ್ನು ಉಳಿಸಿಕೊಂಡವನಿಗೂ ಆ ಲಾಭದಲ್ಲಿ ಒಂದು ಪಾಲು ಸಲ್ಲುವಂತಾದರೆ, ಯೋಜನೆಯು ರೈತನ ಶತ್ರುವಾಗುವುದು ಹೇಗೆ?

ಊರನ್ನು ಯೋಜಿಸುವುದೆಂದರೆ ಊರಿನ ಅನ್ನವನ್ನೂ ಯೋಜಿಸುವುದು. ಹುಣಸೂರು ಪಿರಿಯಾಪಟ್ಟಣಗಳ ಪೇಟೆ ನಿಂತಿರುವುದು ಹೊಗೆಸೊಪ್ಪಿನ ಮೇಲೆ. ಹರಾಜು ಕಟ್ಟೆಯಲ್ಲಿ ದರ ಏರಿದ ವರ್ಷ ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಛತ್ರ ಎಲ್ಲ ತುಂಬುತ್ತವೆ; ಇಳಿದ ವರ್ಷ ಭಣಭಣ. ಸೊಪ್ಪು ಹದಮಾಡುವ ಬ್ಯಾರನ್‌ಗಳಿಗೆ ಸೌದೆಯೂ ಈ ಸೀಮೆಯ ಮರಗಳೇ. ತಂಬಾಕಿನ ಬಳಕೆಯನ್ನು ತಗ್ಗಿಸುವ ಲೋಕದ ಒಡಂಬಡಿಕೆಯನ್ನು ಇಂಡಿಯಾ ೨೦೦೪ರಲ್ಲಿ ಒಪ್ಪಿಕೊಂಡಿತು. ಬೆಳೆಗಾರರಿಗೆ ಬೇರೆ ಜೀವನೋಪಾಯವನ್ನು ಒದಗಿಸಬೇಕೆಂಬ ಮಾತೂ ಅದರಲ್ಲಿದೆ. ಮೂವತ್ತು ವರ್ಷದ ಮೇಲೆ ಹೊಗೆಸೊಪ್ಪು ಇಲ್ಲದ ಹುಣಸೂರು ಏನು ಮಾಡಿಕೊಂಡು ಬಾಳುತ್ತದೆ? ನಮ್ಮ ಯಾವ ನಕಾಶೆಯಲ್ಲಿಯೂ ಈ ಪ್ರಶ್ನೆಗೆ ಬಣ್ಣವಿಲ್ಲ.

ಯೋಜನೆಯನ್ನು ಯಾರಿಗಾಗಿ ಮಾಡುತ್ತೇವೆಂಬುದರ ಮೇಲೆ ಅದು ಸಫಲವೋ ವಿಫಲವೋ ಎಂಬುದು ನಿಂತಿದೆ. ಇದಕ್ಕೂ ಈ ತಾಲ್ಲೂಕುಗಳಲ್ಲಿಯೇ ನಿದರ್ಶನ ದೊರೆಯುತ್ತದೆ. ದೇಶಬಿಟ್ಟು ಬಂದ ಟಿಬೆಟಿನವರಿಗೆ ೧೯೬೦ರ ಸುಮಾರಿನಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಅಂದಿನ ಮೈಸೂರು ಸರ್ಕಾರವು ಸುಮಾರು ೩,೦೦೦ ಎಕರೆಗಳನ್ನು ಕೊಟ್ಟಿತು. ಮನೆಯೊಂದಿಗೆ ಹೊಲ, ಹೊಲದೊಂದಿಗೆ ಸಹಕಾರ ಸಂಘ, ಶಾಲೆ, ಆಸ್ಪತ್ರೆ, ಮಠ ಎಲ್ಲವೂ ಒಟ್ಟಿಗೆ ಬೆಳೆದುವು; ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳುವ ಏರ್ಪಾಡು ಅವರಿಗಿತ್ತು. ೧೯೭೨ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಅಂಥದೇ ನೆಲೆಯಾಯಿತು. ನಾಡಿಗೆ ಇದು ಗೌರವದ ವಿಷಯ. ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ, ನಾಗರಹೊಳೆಯ ಕಾಡಿನಲ್ಲಿ ಹುಟ್ಟಿ ಬೆಳೆದ ಜೇನುಕುರುಬರನ್ನೂ ಬೆಟ್ಟಕುರುಬರನ್ನೂ ಹೊರಕ್ಕೆ ಕಳುಹಿಸಲಾಯಿತು. ೧೯೭೪ರಲ್ಲಿ ಮುಗಿದ ಕಬಿನಿಯ ಅಣೆಕಟ್ಟಿನಿಂದ ಹೆಗ್ಗಡದೇವನಕೋಟೆಯ ಹಲವು ಊರುಗಳು ಮುಳುಗಿದುವು. ಕಾಡಿನಿಂದ ಹೊರಬಿದ್ದವರ ಸ್ಥಿತಿಯನ್ನು ವಿಚಾರಿಸುವುದಕ್ಕೆ ಉಚ್ಚ ನ್ಯಾಯಾಲಯವು ನೇಮಿಸಿದ ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿ ೨೦೧೪ರಲ್ಲಿ ವರದಿ ಕೊಟ್ಟಿತು. ಮೂರು ಸಾವಿರಕ್ಕೂ ಮೀರಿದ ಕುಟುಂಬಗಳ ಮಾತು ಅದರಲ್ಲಿದೆ. ದೂರದಿಂದ ಬಂದ ಅತಿಥಿಗೆ ಊರು ಕಟ್ಟಿಕೊಡಬಲ್ಲ ಸರ್ಕಾರಕ್ಕೆ ಮನೆಯ ಮಗನಿಗೆ ಹಾಡಿಯೊಂದನ್ನು ನೆಟ್ಟಗೆ ಕಟ್ಟಿಕೊಡಲು ಬರುವುದಿಲ್ಲವೆಂದರೆ ಅದು ವಿದ್ಯೆಯ ಕೊರತೆಯಲ್ಲ. ಒಂದು ಕಡೆ ಜನರೊಡನೆ ಕುಳಿತು ಯೋಜನೆಮಾಡಿದರು. ಇನ್ನೊಂದು ಕಡೆ ಜನರನ್ನು ಬಿಟ್ಟು ಮಾಡಿದರು.

ಕಡೆ ಮಾತಿಗೆ ಬರೋಣ. ಸಣ್ಣ ಊರಿಗೆ ಅಧಿಕಾರವೆಲ್ಲಿದೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಸಂವಿಧಾನದ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ೧೯೯೩ರ ಜೂನ್ ಒಂದರಿಂದ ಜಾರಿಗೆ ಬಂದಿತು. ನಗರಗಳ ಆಡಳಿತವನ್ನು ಜನರ ಹತ್ತಿರಕ್ಕೆ ತರುವ ಉದ್ದೇಶ ಅದರದು. ಅದರಲ್ಲಿ ಕಡ್ಡಾಯವಾಗಿ ವಾರ್ಡುಸಮಿತಿ ಇರಬೇಕೆಂದು ಹೇಳಿರುವುದು ಯಾವ ಊರಿಗೆ? ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯುಳ್ಳ ಊರಿಗೆ. ಹಳ್ಳಿಯವನಿಗೆ ಗ್ರಾಮಸಭೆಯುಂಟು, ದೊಡ್ಡ ನಗರದವನಿಗೆ ವಾರ್ಡುಸಮಿತಿಯುಂಟು. ನಡುವೆ ಇರುವ ಕೃಷ್ಣರಾಜನಗರದವನಿಗೆ, ಹುಣಸೂರಿನವನಿಗೆ, ತನ್ನ ಬೀದಿಯ ವಿಷಯದಲ್ಲಿ ಕುಳಿತು ಮಾತನಾಡುವುದಕ್ಕೆ ಆ ತಿದ್ದುಪಡಿಯು ಯಾವ ಚಾವಡಿಯನ್ನೂ ಕಡ್ಡಾಯಮಾಡಿಲ್ಲ. ಹಳ್ಳಿಯು ಪಟ್ಟಣವಾದ ದಿನವೇ ಪ್ರಜೆಯು ತನ್ನ ಸಭೆಯನ್ನು ಕಳೆದುಕೊಳ್ಳುತ್ತಾನೆ. ಆದರೂ ನಮ್ಮ ಊರು ಮೇಲ್ದರ್ಜೆಗೆ ಏರಿತೆಂದು ಪಟಾಕಿ ಹಾರಿಸುತ್ತೇವೆ.

ಶಾಸನವು ಕಡ್ಡಾಯಮಾಡದುದನ್ನು ಶಾಸನವು ಬೇಡವೆಂದೂ ಹೇಳಿಲ್ಲ. ಪುರಸಭೆಯು ಮನಸ್ಸುಮಾಡಿದರೆ ವಾರ್ಡುವಾರ್ಡಿಗೆ ಸಭೆ ಸೇರಿಸಬಹುದು. ಅದು ಮಾಡದಿದ್ದರೆ ನಾಗರಿಕರು ತಾವೇ ಸೇರಬಹುದು. ಮಹಾಯೋಜನೆಯ ಕರಡು ಹೊರಟ ಮೇಲೆ ಅಭಿಪ್ರಾಯ ಹೇಳುವುದಕ್ಕೆ ಶಾಸನವು ಕೊಡುವ ಅವಧಿ ಅರವತ್ತು ದಿನ. ಕೆಲಸ ಆ ದಿನ ಪ್ರಾರಂಭವಾದರೆ ಏನೂ ಆಗದು. ಅದಕ್ಕೆ ಎರಡು ವರ್ಷ ಮೊದಲು ಪ್ರಾರಂಭವಾಗಬೇಕು. ಮೊದಲು ಬೇಕಾದುದು ಬಣ್ಣದ ನಕಾಶೆಯಲ್ಲ, ನೀರಿನ ನಕಾಶೆ: ಊರಿನ ಸುತ್ತಣ ಕೆರೆಗಳು, ಅವುಗಳ ಕೋಡಿ, ತೂಬು, ಹಳ್ಳ, ನಾಲೆಯ ಸೀಳುಗಾಲುವೆಗಳು, ಗುಂಡುತೋಪು, ಗೋಮಾಳ ಇವು ಹಿಂದೆ ಎಲ್ಲಿದ್ದುವು, ಈಗ ಏನಾಗಿವೆ ಎಂಬುದು. ಇದನ್ನು ಬಲ್ಲ ಹಳೆಯ ನೀರುಗಂಟಿಗಳೂ ಶಾನುಭೋಗರ ಮನೆತನದವರೂ ಇನ್ನೂ ಕೆಲವರು ಉಳಿದಿದ್ದಾರೆ. ಹತ್ತು ವರ್ಷದ ಮೇಲೆ ಉಳಿದಿರುವುದಿಲ್ಲ. ಪ್ರೌಢಶಾಲೆಯ ಹುಡುಗರನ್ನು ಕರೆದುಕೊಂಡು ಉಪಾಧ್ಯಾಯರು ಒಂದೊಂದು ಹಳ್ಳದ ಜಾಡನ್ನು ನಡೆದು ನೋಡಿ ಬರೆದಿಟ್ಟರೆ ಒಂದು ಬೇಸಗೆಯ ಕೆಲಸವಾಯಿತು. ಹೋಲಿಸಿ ನೋಡುವುದಕ್ಕೆ ಬೇಕಾದ ಹಳೆಯ ಗ್ರಾಮ ನಕಾಶೆಗಳು ಭೂಮಾಪನ ಇಲಾಖೆಯಲ್ಲಿ ಶುಲ್ಕ ತೆತ್ತವರಿಗೆ ದೊರೆಯುತ್ತವೆ.